ಅಣ್ಣನ ಕಾಲಿನ ಕರಿಕಾಳು

೧೪ ಆಗಸ್ಟ್ ೧೮೫೭
ಅಣ್ಣನ ಕಾಲು ಅಳೆದೆ. ಪ್ರತಿ ತಿಂಗಳೂ ಅದೇ ಕೆಂಪು ನೂಲು ಪಾದಕ್ಕೆ ಸುತ್ತುವುದು, ಮುಟ್ಟಿದಲ್ಲಿ ಗಂಟು. ಈ ಸಲದ ಗಂಟು ಒಂದು ಬೆರಳು ಮುಂದೆ. ಮೂರು ವರ್ಷದ ಹಿಂದೆ ಜಾಲಿಮುಳ್ಳು ಚುಚ್ಚಿ ಆದ ಬಾವು ಇದು. ನೋವಿಲ್ಲ ಅನ್ನುತ್ತಾನೆ. ಬಾವಿನ ತೂತುಗಳಿಂದ ಸಾಸಿವೆಗಿಂತ ಸಣ್ಣ ಕರಿಕಾಳು ಉದುರುತ್ತವೆ. ಡಬ್ಬಿಯಲ್ಲಿ ಕೂಡಿಡುತ್ತಿದ್ದೇನೆ.
ಇಳಿದಿದೆ ಅನ್ನು ಎಂದು ಅವ್ವ ಕಣ್ಸನ್ನೆ ಮಾಡಿದಳು.
"ಏರೈತಿ," ಅಂದೆ.
ಅಣ್ಣ ನಕ್ಕ. "ಸಾಲಿ ಬಿಟ್ರೂ ಮಾಸ್ತರಕಿ ಬಿಡಲಿಲ್ಲ ನೋಡವ್ವಾ ಇಂವ."

೨೯ ಆಗಸ್ಟ್
ನಾಲ್ಕು ದಿನ ಮಳೆ. ಕೋಟೆ ಗುಡ್ಡದ ಬುಡದಲ್ಲಿ ನಾಯಿಕೊಡೆ ಎದ್ದಿವೆ. ಒಂದನ್ನು ಕೀಳದೆ ಸುತ್ತ ಅಗೆದೆ. ಕೆಳಗೆ ಬಿಳೀ ಎಳೆಗಳು, ನಮ್ಮ ಮಗ್ಗದ ನೂಲಿಗಿಂತ ನಯ, ಮಣ್ಣೊಳಗೆ ಮೊಳದುದ್ದ ಹರಡಿವೆ. ಕೊಡೆ ಮೇಲಿನ ತೋರಿಕೆ ಅಷ್ಟೇ, ಸಂಸಾರವೆಲ್ಲ ನೆಲದಲ್ಲಿ. ಇನ್ನೊಂದನ್ನು ಬಿಳಿ ಬಟ್ಟೆಯ ಮೇಲೆ ಬೋರಲಿಟ್ಟಿದ್ದೆ. ಮರುದಿನ ಗೆರೆಗೆರೆಯಾಗಿ ಕಂದುಪುಡಿ. ಬೂಷ್ಟು ಹಿಡಿದ ರೊಟ್ಟಿಯಲ್ಲೂ ಮೊದಲು ಬಿಳೀ ಎಳೆ, ಆಮೇಲೆ ಕರೀಪುಡಿ. ಪುಡಿಯೇ ಬೀಜವಿರಬೇಕು.

೬ ನವೆಂಬರ್
ಜೋಳಕ್ಕೆ ಕಾಡಿಗೆ ರೋಗ. ಕಾಳಿರಬೇಕಾದಲ್ಲಿ ಕರೀಪುಡಿಯ ಚೀಲ. ಹುಡುಗರು ಮೀಸೆ ಬರೆದುಕೊಂಡು ಓಡಾಡುತ್ತಿದ್ದಾರೆ. ನಾಯಿಕೊಡೆ, ಬೂಷ್ಟು, ಕಾಡಿಗೆ... ಯಾವುದಕ್ಕೂ ಎಲೆಯಿಲ್ಲ, ಹಸಿರಿಲ್ಲ. ಎಲ್ಲವೂ ಇನ್ನೊಬ್ಬರ ಅನ್ನ ಉಣ್ಣುವವು.
ಅಣ್ಣನ ಕರಿಕಾಳೊಂದನ್ನು ಬಿಸಿಲಿಗೆ ಹಿಡಿದು ಸೂಜಿಯಿಂದ ಒಡೆದೆ. ಎಳೆ ಕಾಣಲಿಲ್ಲ. ಕಂಡೆ ಎಂದು ಬರೆಯಲಾರೆ. ಆದರೆ ಅದೇ ಕುಲದ್ದು ಅನ್ನಿಸುತ್ತದೆ. ಹಾಗಿದ್ದರೆ ಮೇಲೆ ಉದುರಿದ್ದನ್ನು ಒರೆಸಿ ಏನು ಫಲ? ಬೇರು ಕಾಲೊಳಗಿದೆ.

೧೦ ಫೆಬ್ರವರಿ ೧೮೫೮
ಬಂಡಿ ಹೊಡೆಯುವ ಮದರಸಾಬ ಬಂದಿದ್ದ. "ಸವಡಿ ಊರಾಗ ಒಬ್ಬಾವ್ಗ ಇಂಥಾದ ಕಾಲಿತ್ತು. ಧಾರವಾಡ ದವಾಖಾನ್ಯಾಗ ಕಡದ್ರು. ಈಗ ಕೋಲ ಹಿಡ್ಕೊಂಡು ಊರತುಂಬ ಜಗಳಾ ಹಚ್ಚಾಕತ್ತಾನ."
"ಕಾಲಿಲ್ಲದ ನೇಕಾರ ಎದಕ್ಕ ಬಂದ?" ಅಂದ ಅಣ್ಣ. "ಮಗ್ಗದ ಹಲಗಿ ನಿಮ್ಮಪ್ಪ ತುಳಿತಾನೇನು?"
"ನಾ ತುಳಿತೀನಿ," ಅಂದೆ.

೧೩ ಫೆಬ್ರವರಿ
ಮಗ್ಗದ ಕೆಳಗೆ ಕಾಲು ಇಳಿಬಿಡುವ ಒಂದೇ ಕುಣಿಯಲ್ಲಿ ಇಬ್ಬರು. ಲಾಳಿ ಅವನದು, ಕಾಲು ನನ್ನವು. ನಾನು ಅವಸರದವನು. ನೂಲು ಹರಿಯಿತು.
"ಕುದರಿ ಅಲ್ಲೋ, ಮಗ್ಗ!" ಕಣ್ಣೀರು ಬರುವಂತೆ ನಕ್ಕ.
ಸಂಜೆಗೆ ಒಂದು ಗೇಣು ಸೀರೆ ನೆಟ್ಟಗೆ ಬಂತು. ಅದರ ಮೇಲೆ ಕೈಯಾಡಿಸಿ ಅಂದ, "ಹಿಂಗಾದ್ರ ಕಾಲ ಕಡಿಸ್ತೀನಿ. ಉಗಾದಿ ಮುಂದ ಹೋಗೂಣು."

೧೯ ಫೆಬ್ರವರಿ
ಅದೇ ಎಡ, ಅದೇ ಬಲ. ಕುಣಿಯಲ್ಲಿ ಉಸಿರು ಕಟ್ಟುತ್ತದೆ. ನಾಳೆ ಮದರಸಾಬ ಹತ್ತಿ ಹೇರಿಕೊಂಡು ಸವಡಿಗೆ ಹೊರಟಿದ್ದಾನೆ. ಎರಡೇ ದಿನ, ಹೋಗಿ ಬರುತ್ತೇನೆ.

೨೧ ಮೇ
ಇಂದು ಬಂದೆ. ಎರಡು ದಿನವಲ್ಲ, ಮೂರು ತಿಂಗಳು. ಊರಿಂದೂರಿಗೆ ಬಂಡಿಯ ಹಿಂದೆ ತಿರುಗಿದೆ. ಯಾರೂ ಹಿಡಿದಿಟ್ಟಿರಲಿಲ್ಲ. ನೆಪವಿಲ್ಲ.
ಅಣ್ಣ ಬೈಯಲಿಲ್ಲ. ಕಾಲು ಚಾಚಿದ. "ಅಳಿ."
ನೂಲು ಸಾಲಲಿಲ್ಲ.

೩೦ ಮೇ
ಮದರಸಾಬನ ಬಂಡಿಯಲ್ಲಿ ಧಾರವಾಡಕ್ಕೆ ಹೊರಟೆವು. ರೋಣದ ಹತ್ತಿರವೇ ಕಂಪನಿ ಸಿಪಾಯಿಗಳು ತಡೆದರು. ನರಗುಂದದಲ್ಲಿ ದಂಗೆ. ಗದಗಿನ ದಾರಿಯೂ ಮುಚ್ಚಿದೆ. ಒಬ್ಬ ಸಿಪಾಯಿ ಡಬ್ಬಿ ತೆರೆದು ಕರಿಕಾಳು ನೋಡಿದ. ಡಾಕ್ಟರಿಗೆ ತೋರಿಸಲು ತಂದದ್ದು ಅವನ ಕಣ್ಣಿಗೆ ಬಂದೂಕಿನ ಮದ್ದು.
"ಬಂದೂಕು ಎಲ್ಲೈತಿ?"
ಅಣ್ಣ ಕಾಲೆತ್ತಿದ. "ಇದ್ರಾಗಿಂದ ಹಾರಸ್ತೀನ್ರಿ."
ಮೂಸಿ ನೋಡಿ ಸಿಪಾಯಿ ಡಬ್ಬಿ ಎಸೆದ. ಹಿಂದಕ್ಕೆ ಕಳಿಸಿದ. ದಾರಿಯಲ್ಲಿ ಅಣ್ಣನಿಗೆ ಚಳಿಜ್ವರ.
ಉಗಾದಿ ಹೊತ್ತಿಗೆ ಈ ದಾರಿ ತೆರೆದಿತ್ತು. ಬರೆದಿಡುತ್ತೇನೆ. ತೆರೆದಿತ್ತು.

೯ ಜೂನ್
ಬಾವಿನ ಕೆಂಪು ಮೊಣಕಾಲು ದಾಟಿದೆ. ಜ್ವರ ಇಳಿದಿಲ್ಲ. ಅವ್ವ ನೀರಿಗೆ ಹೋದಾಗ ಕೇಳಿದ.
"ಎಷ್ಟ ದಿನ ಅಂತಿ?"
"ಭಾಳ ಇಲ್ಲಣ್ಣಾ."
"ಹೂಂ." ಕೈ ಚಾಚಿದ. "ನೀ ಒಬ್ಬಾಂವರೆ ಖರೇ ಹೇಳಿದಿ."
ನನ್ನ ಕೈ ಹಿಡಿದೇ ಮಲಗಿದ. ಓಡಿಹೋದವನ ಕೈ.

೨೭ ಜೂನ್
ಅಣ್ಣ ಹೋಗಿ ಹದಿನಾರು ದಿನ. ಮಳೆ. ಮಗ್ಗದ ಮೇಲೆ ನಾವಿಬ್ಬರೂ ಕೂಡಿ ನೇಯ್ದ ಸೀರೆ ಹಾಗೇ ಇದೆ. ನಾನು ಹೋದಮೇಲೆ ಅವನು ಅದನ್ನು ಮುಂದುವರಿಸಿಲ್ಲ. ಬದಿಯಲ್ಲಿ ಬೇರೆ ಮಗ್ಗ ಹೂಡಿಕೊಂಡು ಬಾತ ಕಾಲಲ್ಲೇ ತುಳಿದಿದ್ದಾನೆ. ಸೀರೆಗೆ ಬೂಷ್ಟು. ಅದೇ ಬಿಳೀ ಎಳೆಗಳು. ಒರೆಸಿದೆ.
ಅವ್ವ ಬಾಗಿಲಲ್ಲಿ ನಿಂತು ಕೇಳಿದಳು, "ಇದನ್ನ ನೀ ಮುಗಸ್ತೀಯೇನೋ, ಮತ್ತ ಬಿಟ್ಟ ಹೋಗ್ತೀಯೋ? ಖರೇ ಹೇಳು."
ಕುಣಿಗಿಳಿದೆ. ಎಡ ತುಳಿದೆ. ಬಲ ತುಳಿದೆ. ಲಾಳಿ ಅವನಿಟ್ಟಲ್ಲೇ ಇದೆ.
ಅವ್ವ ಇನ್ನೂ ನಿಂತಿದ್ದಾಳೆ. "ಖರೇ ಅಂದ್ರ, ನಾಳಿದು ಗೊತ್ತಿಲ್ಲವ್ವಾ. ಇವತ್ತ ತುಳಿತೀನಿ," ಅಂದು ಲಾಳಿ ಎತ್ತಿಕೊಂಡೆ.