ಸುತ್ತು ಹಾಕಿದ ಬಾತುಕೋಳಿ

ಗುರುವಾರ, ೧೯ನೇ ತಾರೀಖು

ನನ್ನ ಮುದ್ದು ಯಾಕಮ್ಮನಿಗೆ – ಸರಿ –

ಅಮ್ಮನ ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ, ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ನಿನ್ನ ಹೆಸರಿನ ಪಕ್ಕದಲ್ಲಿ ‘ಸರಿ’ ಯಾಕೆ ಎಂದು ಕೇಳುತ್ತೀಯ, ಗೊತ್ತು. ಮಾತು ಬಂದ ದಿನದಿಂದ ಯಾಕಮ್ಮ, ಯಾಕಮ್ಮ ಎಂದು ನನ್ನ ತಲೆ ತಿಂದೇ ಅಲ್ಲವೇ ಈ ಹೆಸರು ಗಿಟ್ಟಿಸಿದ್ದು! ಕೊನೆಯಲ್ಲಿ ಹೇಳುತ್ತೇನೆ, ತಾಳು.

ಮೊದಲು ಮುಖ್ಯವಾದದ್ದು. ಹೋದ ವಾರ ನಾನು ಕಳಿಸಿದ ಅರ್ಜಿಗೆ ಸಹಿ ಹಾಕಬೇಡ. ಹಾಕಿದ್ದರೆ ಅಂಚೆಗೆ ಹಾಕಬೇಡ. ತಿಂಗಳ ಕೊನೆಯೊಳಗೆ ಕೊಡದಿದ್ದರೆ ಕಾರ್ಖಾನೆಯ ಕೆಲಸ ಕೈತಪ್ಪುತ್ತದೆ ಎಂದು ಹೆದರಿಸಿದವಳು ನಾನೇ. ಪಾಚಿಯ ಮೇಲೆ ಪಾಠ ಓದಿದರೆ ಹೊಟ್ಟೆ ತುಂಬುತ್ತದೆಯೇ, ಪಾಚಿ ಇರುವುದು ಜಾರಿ ಬೀಳುವುದಕ್ಕೆ, ಕಾಲೇಜು ಬಿಟ್ಟು ಬಾ ಎಂದು ಬರೆದವಳೂ ನಾನೇ. ನೀನು ಎದುರಾಡಲಿಲ್ಲ. ನೀನು ಹೇಳಿದ ಹಾಗೇ ಆಗಲಿ ಅಮ್ಮ ಎಂದು ಒಂದೇ ಸಾಲು ಬರೆದೆ. ಅದರಲ್ಲಿ ಹುಡುಕಿದರೂ ಒಂದು ‘ಯಾಕೆ’ ಇರಲಿಲ್ಲ. ಮನಸ್ಸಿಗೆ ಚುಚ್ಚಿತು.

ನಾನು ಮಾಡುವ ಕೆಲಸ ಏನೆಂದು ನಿನಗೆ ಒಂದು ದಿನವೂ ಕೂರಿಸಿಕೊಂಡು ಹೇಳಲಿಲ್ಲ. ಈಗ ಹೇಳುತ್ತೇನೆ, ಕೇಳು. ಉದ್ದನೆಯ ಮೇಜು. ಅದರ ಮೇಲೆ ಎರಡು ಮೊಳದ ಒಂದು ಕೆಂಪು ಗೆರೆ. ತಗಡಿನ ಬಾತುಕೋಳಿಗೆ ಐದು ಸುತ್ತು ಕೀಲಿ ಕೊಟ್ಟು ಗೆರೆಯ ಮೇಲೆ ಬಿಡಬೇಕು. ನೆಟ್ಟಗೆ ನಡೆದು ಆ ತುದಿ ಮುಟ್ಟಿದರೆ ಹೊಟ್ಟೆಯಡಿ ‘ಸರಿ’ ಎಂದು ಮುದ್ರೆ. ಅಡ್ಡಾದಿಡ್ಡಿ ಹೋದರೆ ಕೆಂಪು ಬುಟ್ಟಿ, ಮತ್ತು ಪುಸ್ತಕದಲ್ಲಿ ಕಾರಣ: ಕೀಲಿ ಸಡಿಲ, ಬಣ್ಣ ಬಿಟ್ಟಿದೆ, ಕಾಲು ಉಲ್ಟಾ. ದಿನಕ್ಕೆ ಆರುನೂರು ಬಾತುಕೋಳಿ. ಕಿಟಕಿಗಳಿಗೆಲ್ಲ ಬಿಳಿ ಬಣ್ಣ ಬಳಿದಿದ್ದಾರೆ, ಹೊರಗೆ ನೋಡಿದರೆ ಕೈ ನಿಧಾನವಾಗುತ್ತದಂತೆ. ಬಚ್ಚಲಿಗೆ ಹೋಗಲು ತಗಡಿನ ಬಿಲ್ಲೆ ಪಡೆಯಬೇಕು, ಏಳು ನಿಮಿಷದಲ್ಲಿ ಹಿಂದಿರುಗಿಸಬೇಕು. ಗಾಣದ ಎತ್ತಾದರೂ ಸುತ್ತುತ್ತದೆ. ನಾನು ನಿಂತ ಜಾಗದಲ್ಲೇ ಹತ್ತೊಂಬತ್ತು ವರ್ಷ ನಿಂತಿದ್ದೇನೆ. ಮಕ್ಕಳು ನೋಡಿ ಕುಣಿದಾಡುವ ಆಟಿಕೆಯನ್ನು ಹೀಗೆ ಮುಖ ಗಂಟು ಹಾಕಿಕೊಂಡು ತಯಾರಿಸುತ್ತಾರೆ ಎಂದು ಅಂಗಡಿಯಲ್ಲಿ ಕೊಳ್ಳುವವರಿಗೆ ಗೊತ್ತಾದರೆ ಏನೆಂದುಕೊಂಡಾರೋ!

ಸೋಮವಾರ ಊಟದ ಗಂಟೆಗೆ ಮುಂಚೆ ಒಂದು ಬಾತುಕೋಳಿ ಬಂತು. ಕೀಲಿ ಕೊಟ್ಟು ಬಿಟ್ಟೆ. ಅದಕ್ಕೆ ಒಂದು ಕಾಲು ಹಿಂದುಮುಂದಾಗಿ ಕೂತಿತ್ತು. ಗೆರೆ ಬಿಟ್ಟು ಗಿರ್ರನೆ ತಿರುಗಿತು, ನನ್ನ ಶಾಯಿ ಮೆತ್ತೆಯನ್ನು ಹತ್ತಿತು, ಅಲ್ಲಿಂದ ಪುಸ್ತಕಕ್ಕೆ ಇಳಿಯಿತು, ಕಾರಣ ಬರೆಯುವ ಹಾಳೆಯ ಮೇಲೆ ನೇರಳೆ ಹೆಜ್ಜೆ ಮೂಡಿಸುತ್ತಾ ಸುತ್ತು ಹಾಕತೊಡಗಿತು. ಎಷ್ಟು ಗತ್ತು ಅಂತೀಯ! ಅದೇ ಸರಿದಾರಿ, ಮಿಕ್ಕ ಬಾತುಕೋಳಿಗಳೆಲ್ಲ ದಡ್ಡವು ಎನ್ನುವ ಹಾಗೆ. ಯಾರೋ ಕಿಲಕಿಲ ನಕ್ಕದ್ದು ಕೇಳಿಸಿತು. ಯಾರಪ್ಪಾ ಎಂದು ತಿರುಗಿ ನೋಡಿದೆ. ಹಿಂದೆ ಯಾರೂ ಇಲ್ಲ. ನಕ್ಕವಳು ನಾನೇ ಕಣೇ.

ಇನ್ನೊಂದು ಸಲ ಕೀಲಿ ಕೊಟ್ಟೆ. ಮತ್ತೊಂದು ಸಲ. ಏಳು ಸಲ ಕೊಟ್ಟೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಇತ್ತ ನನ್ನ ಮುಂದೆ ಬಾತುಕೋಳಿಗಳ ಗುಡ್ಡೆ ಬಿದ್ದಿತ್ತು. ಡಬ್ಬಿಗೆ ತುಂಬುವ ಅಕ್ಕ ಬಂದು, ಏನೇ, ನೆಟ್ಟಗಿದ್ದೀಯಾ ಎಂದು ಹಣೆ ಮುಟ್ಟಿದಳು. ಬಾತುಕೋಳಿಯನ್ನು ನೋಡಿ ಅವಳೂ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಗಡಿಯಾರ ಸಾಹೇಬರು ಬಂದರು. ಅವರು ನಮ್ಮ ಸೂಪರ್‌ವೈಸರು, ಮುಖಕ್ಕಿಂತ ಮೊದಲು ಗಡಿಯಾರ ನೋಡುವವರು. ಏನಮ್ಮ ಇದು, ಆಟ ಆಡ್ತಿದ್ದೀರಾ ಎಂದರು. ಹೌದು ಸಾರ್, ಆಟಿಕೆ ಅಲ್ವಾ ಎಂದುಬಿಟ್ಟೆ. ಬಾಯಿಂದ ಹೇಗೆ ಬಂತೋ! ಕೆಲಸ ನಿಲ್ಲಿಸಿದ್ದಕ್ಕೆ ಕಾರಣ ಬರೆಯಿರಿ ಎಂದರು. ಬರೆದೆ: ‘ನೋಡುತ್ತಿದ್ದೆ.’ ಕೈ ಅಭ್ಯಾಸಬಲದಿಂದ ಆ ವಕ್ರಕಾಲಿನ ಬಾತುಕೋಳಿಗೂ ‘ಸರಿ’ ಹೊಡೆಯಿತು. ಹತ್ತೊಂಬತ್ತು ವರ್ಷದಲ್ಲಿ ಇದೊಂದೇ ತಪ್ಪು. ಅರ್ಧ ದಿನದ ಸಂಬಳ ಹಿಡಿದರು, ಹಿಡಿಯಲಿ. ಬಾತುಕೋಳಿಯನ್ನು ಕೇಳಿದ್ದಕ್ಕೆ ಕೊಟ್ಟುಬಿಟ್ಟರು, ಹೇಗೂ ಗುಜರಿಗೆ ಹೋಗುವುದಲ್ಲವೇ. ಇದರ ಜೊತೆಯ ಪೊಟ್ಟಣದಲ್ಲಿ ಅದೇ ಇದೆ.

ಆಮೇಲೆ ಊಟದ ಡಬ್ಬಿ ಬಿಚ್ಚಿದೆ. ಒಂದನೇ ತರಗತಿಯಲ್ಲಿ ನಿನ್ನ ಟೀಚರ್ ನನ್ನನ್ನು ಕರೆಸಿದ್ದು ನೆನಪಾಯಿತು. ನೀವೂ ಟೀಚರ್ ಅಂತೆ, ಎಲ್ಲಿ ಪಾಠ ಹೇಳ್ತೀರಿ ಎಂದು ಕೇಳಿದರು. ನಮ್ಮಮ್ಮ ಬಾತುಕೋಳಿಗಳಿಗೆ ನಡೆಯೋದು ಕಲಿಸ್ತಾಳೆ ಎಂದು ನೀನು ಕ್ಲಾಸಿಗೆಲ್ಲ ಡಂಗುರ ಸಾರಿದ್ದೆ. ನನಗೆ ನಾಚಿಕೆಯಾಯಿತು. ದಾರಿಯಲ್ಲಿ ನಿನ್ನ ಕಿವಿ ಹಿಂಡಿ, ಸುಳ್ಳು ಹೇಳ್ತೀಯಾ, ಅಮ್ಮ ಕೂಲಿಯವಳು ಅಂತ ಹೇಳು ಎಂದೆ. ನೀನು ಅಳುತ್ತಲೇ, ಮತ್ತೆ ಅವು ನಡೆಯೋದು ಯಾಕಮ್ಮ ಎಂದು ಕೇಳಿದೆ. ಕೀಲಿ ಕೊಡ್ತೀನಿ, ನಡೀತವೆ, ಅಷ್ಟೇ ಎಂದೆ. ಆಮೇಲೆ ನೀನು ಬಾತುಕೋಳಿಗಳ ಬಗ್ಗೆ ಕೇಳಲೇ ಇಲ್ಲ. ನಿನ್ನಪ್ಪ ತೀರಿಕೊಂಡಾಗಲೂ ಮನಸ್ಸಿಗೆ ಇಷ್ಟು ನೋವಾಗಿರಲಿಲ್ಲ ಮಗಳೇ. ನಿನ್ನ ಕಿವಿ ಹಿಂಡಿದ ಕೈಯಲ್ಲೇ ಅರ್ಜಿ ತುಂಬಿ ಕಳಿಸಿದ್ದೆನಲ್ಲ.

ಮಂಗಳವಾರ ಬಿಲ್ಲೆ ತೆಗೆದುಕೊಂಡು ಬಚ್ಚಲಿಗೆ ಹೋದೆ. ಬಣ್ಣ ನೋಡುವ ಭೂತಗನ್ನಡಿಯನ್ನು ಕದ್ದು ಒಯ್ದಿದ್ದೆ. ನಲ್ಲಿಯ ಕೆಳಗೆ ಗೋಡೆಯಲ್ಲಿ ಪಾಚಿ ಇತ್ತು, ನಮ್ಮ ಮನೆ ಬಚ್ಚಲಲ್ಲಿ ಇಷ್ಟು ವರ್ಷ ಉಜ್ಜಿ ಉಜ್ಜಿ ಕೀಳುತ್ತಿದ್ದಂಥದ್ದೇ, ಅದರ ಮೇಲೆ ಗಾಜು ಹಿಡಿದೆ. ಅಯ್ಯೋ, ಅದು ಕಾಡು ಕಣೇ! ಒಂದೊಂದು ಗಿಡ, ಗಿಡಕ್ಕೆ ಎಲೆ, ಎಲೆಯ ತುದಿಗೆ ನೀರಿನ ಮಣಿ. ನಡುವೆ ಸಾಸಿವೆಗಿಂತ ಸಣ್ಣ ಹುಳು ಏನೋ ಅವಸರದ ಕೆಲಸ ಇರುವ ಹಾಗೆ ಓಡುತ್ತಿತ್ತು. ನೀನು ಎರಡು ಹಾಳೆ ತುಂಬ ಬರೆದಿದ್ದೆಯಲ್ಲ, ನಾನು ಓದದೆ ಮಡಿಸಿಟ್ಟಿದ್ದು, ಅದು ಇದೇ ಅಲ್ಲವೇ? ಬಿಲ್ಲೆ ಹಿಂದಿರುಗಿಸಿದಾಗ ಒಂಬತ್ತು ನಿಮಿಷ. ಬೈಸಿಕೊಂಡೆ. ಮನೆಗೆ ಬಂದು ನಿನ್ನ ಕಾಗದ ಹುಡುಕಿ ಓದಿದೆ. ಅರ್ಧ ಅರ್ಥವಾಗಲಿಲ್ಲ, ಎರಡು ಸಲ ಓದಿದೆ.

ಹಾಗಾಗಿ ಅರ್ಜಿ ಹರಿದುಹಾಕು. ನಿನಗೆ ನೆಟ್ಟಗೆ ಗೆರೆಯ ಮೇಲೆ ನಡೆಯುವ ಬುದ್ಧಿ ಹುಟ್ಟಿನಿಂದ ಇಲ್ಲ, ಈಗ ಬರುವುದೂ ಬೇಡ. ನನ್ನದು ಹೇಗೋ ನಡೆಯುತ್ತದೆ, ಯೋಚಿಸಬೇಡ. ಕಾಗದ ಬರಿ. ಅದರಲ್ಲಿ ಕಡಿಮೆ ಎಂದರೆ ಮೂರು ‘ಯಾಕೆ’ ಇರಲಿ.

ಇಂತಿ ನಿನ್ನ ಅಮ್ಮ,
ಬಾತುಕೋಳಿಗಳಿಗೆ ನಡೆಯುವುದನ್ನು ಕಲಿಸುವ ಟೀಚರ್

ತಾ.ಕ.: ಅಂಟಿಸುವ ಮುಂಚೆ ಮತ್ತೆ ಬಿಚ್ಚಿದೆ. ತಪ್ಪಿದ್ದದ್ದಕ್ಕೆ ಎರಡನೇ ಸಲ ‘ಸರಿ’ ಹೊಡೆಯಲಾರೆ. ಬಸ್ಸಿನ ಮಾತು ಸುಳ್ಳು. ಮನೆಯ ಮೇಜಿನ ಮುಂದೆ ಮೂರು ಸಂಜೆ ಕೂತು ಬರೆದದ್ದು. ಬಲಗೈ ಹೆಬ್ಬೆರಳು ಎರಡು ತಿಂಗಳಿಂದ ಸರಿಯಾಗಿ ಮಡಚುತ್ತಿಲ್ಲ, ಎಡಗೈಯಲ್ಲಿ ಕೀಲಿ ಕೊಡುತ್ತಿದ್ದೇನೆ, ಮಂಗಳವಾರದಿಂದ ಪೆನ್ನು ಹಿಡಿಯುವುದಕ್ಕೂ ಆಗುತ್ತಿಲ್ಲ. ನಿನಗೆ ಕೊಡಿಸುತ್ತೇನೆ ಎಂದ ಜಾಗ ಖಾಲಿಯದಲ್ಲ, ನನ್ನದೇ. ಮನೆಯವರನ್ನು ತಮ್ಮ ಮೇಜಿಗೆ ತಂದು ನಿಲ್ಲಿಸಿದವರಿಗೆ ಕೆಳಗಿನ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರೆ. ಅಲ್ಲೊಂದು ಕಿಟಕಿ ಇದೆ, ಅದಕ್ಕೆ ಬಣ್ಣ ಬಳಿದಿಲ್ಲ. ನಿನ್ನ ಒಳ್ಳೆಯದಕ್ಕೆ ಎಂದು ಬರೆದಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟಿದ್ದೆ, ಕ್ಷಮಿಸು. ಇದನ್ನು ಓದಿ ಓಡಿ ಬಂದೀಯ, ಹುಷಾರ್! ಬಾಗಿಲು ತೆಗೆಯುವುದಿಲ್ಲ.

ಎಡಗೈಗೆ ಅಕ್ಷರ ಹೊಸದಾಗಿ ಕಲಿಸಬೇಕಾಯಿತು. ‘ಯಾಕಮ್ಮ’ ಎಂದು ಬರೆಯಲು ಹನ್ನೊಂದು ಸಲ ಪ್ರಯತ್ನಿಸಿದೆ, ಆ ‘ಮ್ಮ’ದ ಒತ್ತು ಓಡಿ ಓಡಿ ಹೋಗುತ್ತಿತ್ತು. ಕೊನೆಗೂ ಬಂದಾಗ ಎಷ್ಟು ಖುಷಿಯಾಯಿತೆಂದರೆ, ಪಕ್ಕದಲ್ಲಿ ನಾನೇ ‘ಸರಿ’ ಹಾಕಿಕೊಂಡೆ.