ಸುಣ್ಣವಿಲ್ಲದೆ ಕೆಂಪಾದ ನೀರು

ಮಾದನಾಯಕನಹಳ್ಳಿ
೧೮-೩-೧೯೮೪, ಭಾನುವಾರ

ಪ್ರೀತಿಯ ಅತ್ತಿಗೆಗೆ ವಸಂತಳ ನಮಸ್ಕಾರ.

ಬಾಣಂತನ ಹೇಗೆ ನಡೆದಿದೆ? ಬೆನ್ನುನೋವು ಕಡಿಮೆಯಾಯಿತೇ? ಪುಟ್ಟಿಗೆ ಕತ್ತು ನಿಂತಿತೇ? ಅಣ್ಣ ಕೆಲಸದಿಂದ ಬಂದವನೇ ಅವಳ ಫೋಟೋ ಹಿಡಿದು ಕೂರುತ್ತಾನೆ. ಮೂಗು ತನ್ನದೇ ಅಂತೆ. ಪಾಪ, ಹಾಗೇ ಅಂದುಕೊಂಡಿರಲಿ ಬಿಡಿ.

ಇಲ್ಲಿ ಏನಾಯಿತು ಗೊತ್ತಾ! ಮೇಲಿನ ನೂಲು ತೊಳೆಯುವ ಕಾರ್ಖಾನೆಯಿಂದ ನಮ್ಮ ಬಾವಿ ಕೆಟ್ಟಿದೆ ಎಂದು ನೀವಿದ್ದಾಗಲೇ ಅರ್ಜಿ ಕೊಟ್ಟಿದ್ದೆವಲ್ಲ, ಕೊನೆಗೂ ಅಧಿಕಾರಿ ಬಂದರು. ಬಂದದ್ದು ಕಂಪನಿಯ ಜೀಪಿನಲ್ಲಿ, ಬಾಟಲಿ ತುಂಬಿಸಿಕೊಂಡವನೂ ಕಂಪನಿಯವನೇ! ವಾರದಲ್ಲಿ ವರದಿ ಬಂತು, ನೀರು ಚೆನ್ನಾಗಿದೆಯಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಬುಧವಾರ ಪಕ್ಕದ ಮನೆ ಸೊಣ್ಣಮ್ಮನ ಹೊಸ ಸೊಸೆ ಮನೆ ತುಂಬುವ ದಿನ. ಆರತಿ ನೀರು ಕಲೆಸುವ ಕೆಲಸ ನನ್ನದು. ಬಾವಿ ನೀರಿಗೆ ಅರಿಶಿನ ಹಾಕಿ ಸುಣ್ಣದ ಡಬ್ಬಿ ಹುಡುಕುತ್ತಿದ್ದೆ. “ಸುಣ್ಣ ಆಗ್ಲೇ ಹಾಕ್ಬಿಟ್ಟು ಮತ್ತೆ ಹುಡುಕ್ತೀಯಲ್ಲೇ, ಮರೆವು ಜಾಸ್ತಿ ಆಯ್ತು ನಿಂಗೆ” ಎಂದು ಅಮ್ಮ ಬೈದಳು. ತಿರುಗಿ ನೋಡಿದರೆ ತಟ್ಟೆಯ ನೀರು ಕೆಂಪಗಾಗಿದೆ! ಸುಣ್ಣದ ಡಬ್ಬಿಯ ಮುಚ್ಚಳವನ್ನೇ ನಾನು ತೆಗೆದಿರಲಿಲ್ಲ. ಸುಣ್ಣದಂಥದ್ದೇ ಏನೋ ಕ್ಷಾರ ಬಾವಿಯಲ್ಲೇ ಸೇರಿಕೊಂಡಿದೆ ಎಂದು ಆಗ ಹೊಳೆಯಿತು.

ಶುಕ್ರವಾರ ಪಂಚಾಯಿತಿ ಕಟ್ಟೆಯಲ್ಲಿ ಸಭೆ, ಆ ಅಧಿಕಾರಿಯೂ ಬಂದಿದ್ದರು. ಕಂಪನಿಯ ಮ್ಯಾನೇಜರು ಪರೀಕ್ಷೆಯಲ್ಲಿ ಉಳಿದ ಬಾಟಲಿಯನ್ನು ಮೇಜಿನ ಮೇಲಿಟ್ಟು, ನಿಮ್ಮ ಬಾವಿಯದೇ ನೀರು ನೋಡಿ ಎಂದರು. ನಾನು ಸೆರಗಿನ ತುದಿಯಲ್ಲಿ ಅರಿಶಿನ ಗಂಟು ಕಟ್ಟಿಕೊಂಡು ಹೋಗಿದ್ದೆ. ಅವರ ಮಾತು ಮುಗಿದದ್ದೇ ಎದ್ದೆ ಅತ್ತಿಗೆ. ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ ಚಿಟಿಕೆ ಅರಿಶಿನ ಹಾಕಿದೆ, ಹಳದಿಯಾಗಿಯೇ ಉಳಿಯಿತು. ಮನೆಯಿಂದ ಒಯ್ದಿದ್ದ ಬಾವಿ ನೀರಿಗೆ ಹಾಕಿದೆ, ಕೆಂಪು! “ಇದು ನಮ್ ಬಾವಿ ನೀರೇ ಅಲ್ಲ ಕಣ್ರೀ! ಎಲ್ಲಿಂದ ತಂದ್ರಿ ಸಾರ್?” ಎಂದು ಸೊಣ್ಣಮ್ಮ ಕೂಗಿದ್ದು ತುಮಕೂರು ರಸ್ತೆಗೂ ಕೇಳಿಸಿರಬೇಕು. ಬಾಟಲಿ ಬದಲಾಯಿಸಿದಿರಿ ಎಂದು ಯಾರೂ ಅಂದಿರಲಿಲ್ಲ, ಆದರೂ ಮ್ಯಾನೇಜರೇ “ನಾವೇನೂ ಬದಲಾಯಿಸಿಲ್ಲ” ಅಂದುಬಿಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ! ಅಧಿಕಾರಿ ಎಲ್ಲರೆದುರು ಬಾವಿಯಿಂದ ಹೊಸ ಬಾಟಲಿ ತುಂಬಿಸಿದರು. ಅಣ್ಣ ಎರಡು ದಿನದಿಂದ ನನ್ನನ್ನು ‘ವಿಜ್ಞಾನಿಗಳೇ’ ಎಂದೇ ಕರೆಯುತ್ತಿದ್ದಾನೆ.

ಅಮ್ಮ ಅಟ್ಟದಿಂದ ತೊಟ್ಟಿಲು ಇಳಿಸಿ ತೊಳೆದಿದ್ದಾಳೆ. ಯುಗಾದಿಗೆ ಮಗುವಿನೊಂದಿಗೆ ಬಂದುಬಿಡಬೇಕಂತೆ. ನಿಮ್ಮ ತಂದೆತಾಯಿಗೆ ನಮ್ಮೆಲ್ಲರ ನಮಸ್ಕಾರ, ಪುಟ್ಟಿಗೆ ಅಜ್ಜಿಯ ಆಶೀರ್ವಾದ ಮತ್ತು ಅತ್ತೆಯ ಮುತ್ತು.

ನಿಮ್ಮ ನಾದಿನಿ,
ವಸಂತ

ವಿ.ಸೂ.: ಇಲ್ಲಿಯವರೆಗಿನದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಈಗ ಅವಳು ಹಿತ್ತಲಿಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಆ ಹೊಸ ಬಾಟಲಿಯೂ ಹೋದದ್ದು ಕಂಪನಿಯ ಜೀಪಿನಲ್ಲೇ. ಅದಕ್ಕೇ ಈ ಪತ್ರ ತರುವ ಮುನಿಯಣ್ಣನ ಕೈಲಿ ಅರಗು ಹಾಕಿ ಮುಚ್ಚಿದ ಒಂದು ಬಾಟಲಿ ಕಳಿಸಿದ್ದೇನೆ, ನಿಮ್ಮ ತಮ್ಮನ ಕಾಲೇಜಿನಲ್ಲಿ ಪರೀಕ್ಷೆ ಮಾಡಿಸಿ. ‘ನಾನು ಈ ನೀರು ಕುಡ್ದು ಬದುಕಿಲ್ವಾ’ ಅನ್ನುತ್ತಾಳೆ ಅಮ್ಮ. ಅವಳ ಮಾತು ಕೇಳಬೇಡಿ. ಬಾವಿ ಸರಿಹೋಗುವ ತನಕ ಮಗುವನ್ನು ಇಲ್ಲಿಗೆ ತರಬೇಡಿ ಅತ್ತಿಗೆ. ಆಸೆ ತಡೆಯದೆ ನಾನೇ ಬಂದು ಕರೆದರೂ ತರಬೇಡಿ.