ಹಿಕ್ಕೆಗಲ್ಲಿನ ಚೊಚ್ಚಲ ಹೆರಿಗೆ

ಹಿಕ್ಕೆಗಲ್ಲು, ಪಡುಗಡಲು
೨೪೧೨, ಫೆಬ್ರವರಿ ಮೂವತ್ತು

ಇಪ್ಪತ್ತೊಂದನೆಯ ಶತಮಾನದ ಮಾನ್ಯರೇ,

ತಾರೀಕು ನೋಡಿ ನಗಬೇಡಿ. ತಿಂಗಳುಗಳಲ್ಲಿ ತಾರತಮ್ಯ ಬೇಡವೆಂದು ನಮ್ಮ ಕಾಲದವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡ ಅಲ್ಲಲ್ಲಿ ಒರಟಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಹೆಚ್ಚಾಗಿ ಮಾತಾಡುವುದು ಕಡಲಹಕ್ಕಿಗಳ ಜೊತೆ, ಅವು ವ್ಯಾಕರಣ ತಿದ್ದುವುದಿಲ್ಲ. ಕಾಗದ ಹಿಂದಿನ ಕಾಲಕ್ಕೆ ಹೇಗೆ ಬಂತೆಂದೂ ಕೇಳಬೇಡಿ. ನಮ್ಮ ಅಂಚೆ ಮುಂದಕ್ಕಂತೂ ಹೋಗುವುದಿಲ್ಲ, ಹಿಂದಕ್ಕಾದರೂ ಹೋದೀತೆಂದು ಹಾಕಿದ್ದೇನೆ.

ನಾನು ಇಲ್ಲಿನ ನೆಲೆಗಾರ. ಅಂದರೆ, ಈ ಬಂಡೆ ನಮ್ಮ ಪಡುಗಡಲ ಒಕ್ಕೂಟದ್ದು ಎಂದು ತೋರಿಸಲು ಇದರ ಮೇಲೆ ಸುಮ್ಮನೆ ಬದುಕಿರಬೇಕಾದ ಸರ್ಕಾರಿ ನೌಕರ. ಬಾವುಟ ಗಾಳಿಗೆ ಹಾರಿಹೋಗಬಹುದು, ನಾನು ಹೋಗುವಂತಿಲ್ಲ. ಗೊಬ್ಬರಕ್ಕೆ ಬೇಕಾದ ರಂಜಕದ ಗಣಿಗಳನ್ನು ಹಿಂದಿನವರು ಬಳಿದು ಮುಗಿಸಿದ್ದರಿಂದ ನಮ್ಮ ಹೊಲಗಳಿಗೆ ಮತ್ತೆ ಹಕ್ಕಿಯ ಹಿಕ್ಕೆಯೇ ಗತಿಯಾಯಿತು. ಆಗ ಒಕ್ಕೂಟದ ಪಂಡಿತರು ಹಳೆಯ ಅಮೆರಿಕದ ೧೮೫೬ರ ಕಾನೂನೊಂದನ್ನು ಹುಡುಕಿ ತೆಗೆದರು: ಯಾರದೂ ಅಲ್ಲದ, ಯಾರೂ ಇಲ್ಲದ ದ್ವೀಪದಲ್ಲಿ ಹಿಕ್ಕೆ ಕಂಡ ಪ್ರಜೆ ಅದನ್ನು ದೇಶದ ಹೆಸರಿಗೆ ಹಿಡಿಯಬಹುದು. ಹಿಕ್ಕೆ ತೆಗೆದಾದ ಮೇಲೆ ದ್ವೀಪವನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ ಎಂಬ ಮಾತೂ ಅದರಲ್ಲಿತ್ತು. ನಮ್ಮವರು ಎಲ್ಲವನ್ನೂ ನಕಲು ಮಾಡಿ ಅದೊಂದನ್ನು ಬಿಟ್ಟರು.

ಇತಿಹಾಸದಲ್ಲಿ ಬಿ.ಎ. ಮಾಡಿದ ನನಗೆ ಮುಂದಿನದು ಹೊಳೆಯಬೇಕಿತ್ತು. ಅಮೆರಿಕದವರದೂ ಮೊದಲು ಗೊಬ್ಬರ, ಆಮೇಲೆ ಅಬ್ಬರ. ಹಬೆಹಡಗಿಗೆ ಕಲ್ಲಿದ್ದಲು ತುಂಬಲು ಬಂದರು ಬೇಕೆಂದು ಬಂದರು, ಬಂದವರು ಅಲ್ಲೇ ನಿಂದರು. ಕಾರ್ಖಾನೆಯಲ್ಲಿ ಮಿಕ್ಕ ಸರಕಿಗೆ ಗಿರಾಕಿ ಬೇಕಿತ್ತು. ತಾವು ಬಿಟ್ಟರೆ ಇನ್ನೊಬ್ಬರು ಹಿಡಿದಾರೆಂಬ ದಿಗಿಲಿತ್ತು. ಸಕ್ಕರೆಗೆ ಹೋದವರು ಅಕ್ಕರೆ ಎಂದರು. ಧರ್ಮ ಕಲಿಸಲು ಹೋದವರಲ್ಲಿ ಮನಸಾರೆ ನಂಬಿದವರೂ ಇದ್ದರು, ಕಷ್ಟ ಅಲ್ಲೇ: ಕಳ್ಳನನ್ನು ಹೊಡೆದು ಓಡಿಸಬಹುದು, ಒಳ್ಳೆಯದು ಮಾಡುತ್ತೇನೆಂದು ಕೂತವನನ್ನು ಎಬ್ಬಿಸುವುದು ಹೇಗೆ? ಇಲ್ಲೂ ಹಾಗೇ. ಕೆರೆದು ಕೆರೆದು ಹಿಕ್ಕೆ ಹೋಯಿತು, ಹಕ್ಕು ಉಳಿಯಿತು. ಬಂಡೆ ಹಡಗುಗಳಿಗೆ ವಿದ್ಯುತ್ ತುಂಬುವ ಕಟ್ಟೆಯಾಯಿತು. ಹಡಗುಗಳಿಗೆ ಅದೂ ಬೇಡವಾದಾಗ, ಸುತ್ತ ತೆಪ್ಪಗಳಲ್ಲಿ ಬಾಳುವ ತೇಲುಜನರನ್ನು ಉದ್ಧರಿಸುವ ಕೇಂದ್ರವಾಯಿತು. ಅವರು ಮೀನು ತಂದುಕೊಡುತ್ತಾರೆ, ನಾವು ಉದ್ಧಾರವಾಗುತ್ತೇವೆ.

ಈಗ ನನ್ನ ಹೆಂಡತಿ ನೇತ್ರಾವತಿ ತುಂಬು ಬಸುರಿ. ಬಂಡೆಯ ಮೇಲೆ ಹುಟ್ಟಿದ ಮಗುವಿಗೆ ಕಾನೂನಿನಲ್ಲಿ ‘ನೆಲಗೂಸು’ ಎಂದು ಹೆಸರು. ಅದು ಒಕ್ಕೂಟದ ಹಕ್ಕಿನ ಜೀವಂತ ಮೊಹರು, ಬಾಳೆಲ್ಲ ಇಲ್ಲೇ ಸವೆಸಬೇಕು. ನಾನಾದರೂ ಅರ್ಜಿ ಹಾಕಿ ಸಿಕ್ಕಿಬಿದ್ದವನು, ಅದಕ್ಕೆ ಹುಟ್ಟೇ ನೇಮಕಾತಿ. ಚೊಚ್ಚಲ ಹೆರಿಗೆ, ತವರಿಗೆ ಕಳಿಸಿಕೊಡಿ ಎಂದು ಕೇಳಿಕೊಂಡೆವು. ಎಂಥ ಕಲ್ಲೆದೆಯ ಕಚೇರಿಯೂ ಇದಕ್ಕೆ ಇಲ್ಲವೆನ್ನದು ಎಂಬ ನಂಬಿಕೆ ನಮ್ಮದು. ಕಚೇರಿ ಇಲ್ಲವೆನ್ನಲಿಲ್ಲ. ಸರಬರಾಜು ದೋಣಿ ಬಂತು. ಅವಳನ್ನು ಹತ್ತಿಸಿಕೊಳ್ಳುವ ಬದಲು ತವರನ್ನೇ ಇಳಿಸಿತು: ಅತ್ತೆ ಮಾದೇವಿಯಮ್ಮ, ಒಕ್ಕೂಟದ ಮುದ್ರೆಯ ತೊಟ್ಟಿಲು, ಬಾಣಂತಿ ಲೇಹ್ಯ, ಒಂದು ಹೂವಿನ ಹಾರ. ಇಳಿಸಿ ಹೊರಟುಹೋಯಿತು.

“ಇದೇನು ಅಳಿಯಂದ್ರೇ, ದ್ವೀಪವೋ ಹಕ್ಕಿಗಳ ಪಾಯಿಖಾನೆಯೋ?” ಎಂದರು ಅತ್ತೆ.

“ಈಗ ಅದೂ ಅಲ್ಲಮ್ಮ,” ಎಂದಳು ನೇತ್ರಾವತಿ. “ಹಕ್ಕಿಗಳಾದ್ರೂ ಕೂತು ಎದ್ದು ಹೋಗ್ತವೆ. ನಾವು ಕೂತೇ ಇದ್ದೀವಿ.”

ಉಪಾಯ ಹೇಳಿದವಳು ತೇಲುಜನರ ಸೂಲಗಿತ್ತಿ ಹಲೀಮಾ. ಮೀನಿನ ಬುಟ್ಟಿ ಇಳಿಸುತ್ತಾ, “ನಮ್ಮ ತೆಪ್ಪದ ಮೇಲೆ ಹೆತ್ತುಬಿಡು ತಂಗೀ. ನೀರಿನ ಮೇಲೆ ಹುಟ್ಟಿದ ಕೂಸಿಗೆ ಯಾವ ಸರ್ಕಾರ ಗೂಟ ಹೊಡೀತದೆ ನೋಡೇ ಬಿಡುವಾ,” ಎಂದಳು. ಅತ್ತೆ ಆಗಲೇ ಸೀರೆ ಎತ್ತಿ ಕಟ್ಟಿದ್ದರು.

ಬಂಡೆ ಪೂರಾ ಖಾಲಿಯಾದರೆ ಗಸ್ತು ಹಡಗು ತೆಪ್ಪಗಳನ್ನೆಲ್ಲ ಬೆನ್ನಟ್ಟಿ ಜಾಲಾಡುತ್ತದೆ. ಒಬ್ಬ ಉಳಿದರೆ ಕಾನೂನಿಗೆ ಸಾಕು. ಆ ಒಬ್ಬ ನಾನೇ ಎಂದೆ.

“ನೀವು ಬರದಿದ್ರೆ ಮಗೂಗೆ ಏನಂತ ಹೇಳ್ಲಿ?” ಎಂದಳು ನೇತ್ರಾವತಿ.

“ಅಪ್ಪ ಸರ್ಕಾರಿ ಕೆಲಸದಲ್ಲಿದ್ದಾರೆ ಅನ್ನು. ಯಾಕೆ ಬರಲಿಲ್ಲ ಅಂತ ಯಾರೂ ಕೇಳಲ್ಲ.”

ಅವಳು ನಗಲಿಲ್ಲ. ಈಗಷ್ಟೇ, ಇಳಿತದ ನೀರಿನ ಜೊತೆ ತಾಯಿ ಮಗಳು ಹಲೀಮಾಳ ತೆಪ್ಪದಲ್ಲಿ ಹೊರಟರು. ಅತ್ತೆ ಲೇಹ್ಯ ಒಯ್ದರು, ತೊಟ್ಟಿಲು ಬಿಟ್ಟರು.

ನಿಮ್ಮಲ್ಲಿ ಒಂದೇ ಬೇಡಿಕೆ. ಕಡಲಲ್ಲಾಗಲಿ ಚಂದ್ರನಲ್ಲಾಗಲಿ, ನಿಮ್ಮವರು ಯಾವುದಾದರೂ ಕಲ್ಲು ಹಿಡಿಯಲು ಹೊರಟರೆ ಏಕೆ ಹೋಗುತ್ತೀರೆಂದು ಕೇಳಿ ದಣಿಯಬೇಡಿ. ಕಾರಣಗಳು ಅವರ ಬಳಿ ಮೂಟೆಗಟ್ಟಲೆ ಇರುತ್ತವೆ, ಒಂದು ಮುಗಿದರೆ ಇನ್ನೊಂದು ಬಿಚ್ಚುತ್ತಾರೆ. ಯಾವಾಗ ವಾಪಸು ಬರುತ್ತೀರೆಂದು ಕೇಳಿ. ಬಾಯಿಮಾತು ನೆಚ್ಚದೆ ಬರೆಸಿಕೊಳ್ಳಿ.

ಪಡುವಲ ಕಡೆಯಿಂದ ಗಸ್ತು ಹಡಗು ಬರುತ್ತಿದೆ, ಹೆರಿಗೆಯಾಯಿತೇ ಎಂದು ವಿಚಾರಿಸಲು ಇರಬೇಕು. ಮೂಡಲ ಕಡೆ ತೆಪ್ಪ ಇನ್ನೂ ಕಾಣುತ್ತಿದೆ. ಅದು ಮರೆಯಾಗುವವರೆಗೆ ಗಸ್ತಿನವರನ್ನು ಚಹಾ ಕೊಟ್ಟು ಒಳಗೇ ಕೂರಿಸಬೇಕು. ಒಲೆ ಹಚ್ಚಲು ಏಳುತ್ತೇನೆ.

ನಿಮಗಿನ್ನೂ ಹುಟ್ಟದ,
ಜಟ್ಟಪ್ಪ